ಹಳೆಯ ಐಷಾರಾಮಿ ಕಾರಿನ ಬಾನೆಟ್ ಪ್ಯಾಡ್: ಪುಡಿ ಎಂಜಿನ್‌ಗೆ ಇಳಿಯದಂತೆ ತೆಗೆಯುವ ಕ್ರಮ

ಹಳೆಯ ಮರ್ಸಿಡಿಸ್, ಬಿಎಂಡಬ್ಲ್ಯು ಅಥವಾ ಜಾಗ್ವಾರ್ ಕಾರಿನ ಬಾನೆಟ್ ಎತ್ತಿದಾಗ ಎಂಜಿನ್ ಮೇಲೆಲ್ಲ ಕಪ್ಪು ಅಥವಾ ಕಂದು ಬಣ್ಣದ ಪುಡಿ ಉದುರಿರುವುದು ಕಂಡರೆ, ತಲೆಯೆತ್ತಿ ಬಾನೆಟ್‌ನ ಒಳಮೈಯನ್ನು ನೋಡಬೇಕು. ಅಲ್ಲಿ ಅಂಟಿಸಿರುವ ಅಥವಾ ಕ್ಲಿಪ್ ಹಾಕಿ ನಿಲ್ಲಿಸಿರುವ ಮೆತ್ತನೆಯ ಹೊದಿಕೆಯನ್ನು ಗ್ಯಾರೇಜುಗಳಲ್ಲಿ ಬಾನೆಟ್ ಪ್ಯಾಡ್ ಎಂದೂ, ಬಿಡಿಭಾಗದ ಅಂಗಡಿಗಳಲ್ಲಿ ಕೆಲವೊಮ್ಮೆ ನಮ್ದಾ ಎಂದೂ ಕರೆಯುತ್ತಾರೆ. ಎಂಜಿನ್‌ನ ಸದ್ದನ್ನು ಹೀರಿಕೊಳ್ಳುವುದು ಮತ್ತು ಅದರ ಕಾವು ನೇರವಾಗಿ ತಗಡಿಗೆ ತಾಗಿ ಹೊರಗಿನ ಬಣ್ಣ ಕೆಡದಂತೆ ಕಾಯುವುದು ಅದರ ಕೆಲಸ. ಎರಡು ಮೂರು ದಶಕ ಆ ಕಾವನ್ನು ತಿಂದ ಮೇಲೆ ಪ್ಯಾಡ್ ಬಿರುಕು ಬಿಟ್ಟು, ಜೋತುಬಿದ್ದು, ಕೊನೆಗೆ ಬೆರಳು ತಾಗಿಸಿದರೆ ಸಾಕು ಉದುರುವ ಸ್ಥಿತಿಗೆ ಬರುತ್ತದೆ.

ಅದನ್ನು ಕಿತ್ತು ತೆಗೆಯಲು ವಿಶೇಷ ಕೌಶಲ ಬೇಕಿಲ್ಲ. ಆದರೆ ಕಿತ್ತ ಪುಡಿಯು ಎಂಜಿನ್ ಗಾಳಿ ಎಳೆಯುವ ದಾರಿಗೆ, ಕ್ಯಾಬಿನ್‌ಗೆ ಗಾಳಿ ಹೋಗುವ ಜಾಲರಿಗೆ, ಮಳೆನೀರು ಹರಿದುಹೋಗುವ ತೂತುಗಳಿಗೆ ಮತ್ತು ಬೆಲ್ಟಿಗೆ ಇಳಿಯದಂತೆ ನೋಡಿಕೊಳ್ಳಲು ಬಹಳ ತಾಳ್ಮೆ ಬೇಕು. ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ಪ್ಯಾಡನ್ನು ಹರಿದು, ಏರ್ ಗನ್‌ನಿಂದ ಊದಿ, ನೀರು ಹೊಡೆದು ಕೊಟ್ಟ ಕಾರು ಹೊರನೋಟಕ್ಕೆ ಸ್ವಚ್ಛವಾಗಿರುತ್ತದೆ; ಊದಿದ ಪುಡಿ ಮಾತ್ರ ಒಳಗೆಲ್ಲೋ ಸೇರಿಕೊಂಡು ಮುಂದಿನ ಮಳೆಗಾಲದಲ್ಲಿ ತೊಂದರೆ ಕೊಡುತ್ತದೆ. ಆದ್ದರಿಂದ ಈ ಕೆಲಸವನ್ನು ಮಾಲೀಕರೇ ಒಂದು ಇಡೀ ದಿನ ಮೀಸಲಿಟ್ಟು ಮಾಡಿಕೊಳ್ಳುವುದು ಅಥವಾ ಪಕ್ಕದಲ್ಲಿ ನಿಂತು ಮಾಡಿಸುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ಯಾಡ್ ಏಕೆ ಪುಡಿಯಾಗುತ್ತದೆ

1980 ಮತ್ತು 1990ರ ದಶಕದ ಜರ್ಮನ್ ಕಾರುಗಳಲ್ಲಿ ಬಾನೆಟ್ ಪ್ಯಾಡ್‌ಗೆ ಬಳಸುತ್ತಿದ್ದದ್ದು ಬಹುಮಟ್ಟಿಗೆ ಪಾಲಿಯುರೆಥೇನ್ ಫೋಮ್. ಈ ಫೋಮ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ. ಪಾಲಿಯೆಸ್ಟರ್ ಮೂಲದ ಫೋಮ್ ಗಾಳಿಯಲ್ಲಿರುವ ತೇವದಿಂದ ಕ್ರಮೇಣ ಒಡೆದು, ಮೊದಲು ಜಿಗುಟಾಗಿ ಆಮೇಲೆ ಪುಡಿಯಾಗುತ್ತದೆ. ಪಾಲಿಈಥರ್ ಮೂಲದ್ದು ತೇವವನ್ನು ತಡೆದುಕೊಂಡರೂ ಕಾವು ಮತ್ತು ಆಮ್ಲಜನಕದ ದಾಳಿಗೆ ಸೋತು ಒಣಗಿ ಮುರಿಯುತ್ತದೆ. ನಮ್ಮ ಭಾಗದ ಹವೆ ಈ ಎರಡಕ್ಕೂ ಅನುಕೂಲವಾಗಿದೆ. ಪಶ್ಚಿಮಘಟ್ಟದ ಅಂಚಿನಲ್ಲಿರುವ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರುವುದೇ ಇಲ್ಲ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ. ಅದಕ್ಕೆ ಎರೆ ನೆಲದ ನುಣುಪಾದ ಧೂಳು ಸೇರಿಕೊಂಡರೆ ಫೋಮ್‌ನ ಮೇಲ್ಪದರ ಬೇಗ ಸವೆಯುತ್ತದೆ. ಮರ್ಸಿಡಿಸ್ ಬೆಂಜ್ ಕಂಪನಿ 1995ರಲ್ಲಿ ಪುಣೆಯಲ್ಲಿ ಜೋಡಿಸಲು ಆರಂಭಿಸಿದ ಡಬ್ಲ್ಯು 124 ಮಾದರಿಯ ಇ-ಕ್ಲಾಸ್ ಕಾರುಗಳಿಗೆ ಈಗ ಮೂರು ದಶಕ ತುಂಬಿದೆ. ಇನ್ನೂ ಮೂಲ ಪ್ಯಾಡ್ ಉಳಿಸಿಕೊಂಡಿರುವ ಕಾರು ಅವುಗಳಲ್ಲಿ ಸಿಕ್ಕರೆ, ಅದರ ಪ್ಯಾಡ್ ಬದಲಾಯಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು.

ನಿಮ್ಮ ಕಾರಿನದು ಯಾವ ಬಗೆ

ಕೈ ಹಾಕುವ ಮೊದಲು ಪ್ಯಾಡಿನ ಬಗೆಯನ್ನು ಗುರುತಿಸಬೇಕು, ಏಕೆಂದರೆ ಮುಂದಿನ ಕ್ರಮವೆಲ್ಲ ಅದರ ಮೇಲೆ ನಿಂತಿದೆ. ಡಬ್ಲ್ಯು 124ರಂಥ ಕಾರುಗಳಲ್ಲಿ ಫೋಮ್ ಹಾಳೆಯನ್ನು ನೇರವಾಗಿ ತಗಡಿಗೆ ಅಂಟಿಸಿರುತ್ತಾರೆ. ಇದೇ ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು. ಬಿಎಂಡಬ್ಲ್ಯು ಇ39 ಮಾದರಿಯ 5 ಸೀರೀಸ್ ಮತ್ತು ಅದೇ ಮೈಕಟ್ಟಿನ ಎಂ5 ಕಾರಿನಲ್ಲಿ ಅಚ್ಚಿನಲ್ಲಿ ಒತ್ತಿ ಮಾಡಿದ ಹೊದಿಕೆಯನ್ನು ಪ್ಲಾಸ್ಟಿಕ್ ಕ್ಲಿಪ್‌ಗಳು ಹಿಡಿದಿರುತ್ತವೆ. ಅದನ್ನು ಇಳಿಸುವುದು ಸುಲಭ, ಆದರೆ ಕ್ಲಿಪ್‌ಗಳು ಉಳಿಯುವುದು ಅಪರೂಪ. ಮೂರನೆಯದು ಗಾಜಿನ ನಾರಿನ ಪ್ಯಾಡ್. ಮೇಲಿನ ಕಪ್ಪು ಬಟ್ಟೆ ಹರಿದ ಕಡೆ ಹಳದಿ ಅಥವಾ ಗುಲಾಬಿ ಬಣ್ಣದ ಹೊಳೆಯುವ ಎಳೆಗಳು ಕಂಡರೆ ಅದು ಇದೇ. ಚರ್ಮಕ್ಕೆ ತಾಗಿದರೆ ನವೆ ಹತ್ತುತ್ತದೆ, ಉಸಿರಿನೊಂದಿಗೆ ಗಂಟಲಿಗೆ ಇಳಿದರೆ ಉರಿಯುತ್ತದೆ.

ನಾಲ್ಕನೆಯ ಸಾಧ್ಯತೆಯ ಬಗ್ಗೆ ಗಂಭೀರವಾಗಿ ಹೇಳಬೇಕಾಗಿದೆ. ಕಾರು 1980ರ ದಶಕದ್ದೋ ಅದಕ್ಕೂ ಹಿಂದಿನದೋ ಆಗಿದ್ದು, ಪ್ಯಾಡ್ ಫೋಮ್‌ನಂತೆ ಮೆತ್ತಗಿರದೆ ಬೂದು-ಬಿಳಿ ಬಣ್ಣದ ಗಡುಸಾದ ನಾರಿನ ಹಲಗೆಯಂತಿದ್ದರೆ, ಅದರಲ್ಲಿ ಕಲ್ನಾರು ಇರಬಹುದು. ಕಲ್ನಾರಿನ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಅಂಥ ಪ್ಯಾಡನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯಲೇಬಾರದು, ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಲೂಬಾರದು. ಅಂಚಿನಲ್ಲಿ ನೀರು ಸಿಂಪಡಿಸಿ ಉಗುರಿನಷ್ಟು ತುಣುಕು ತೆಗೆದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಆ ಬಾನೆಟ್ಟನ್ನು ಹಾಗೆಯೇ ಬಿಡಬೇಕು. ಕೆಳಗೆ ವಿವರಿಸಿರುವ ಕ್ರಮ ಫೋಮ್, ಫೆಲ್ಟ್ (ನಾರನ್ನು ಒತ್ತಿ ಮಾಡಿದ ಹೊದಿಕೆ) ಮತ್ತು ಗಾಜಿನ ನಾರಿಗೆ ಮಾತ್ರ ಅನ್ವಯಿಸುತ್ತದೆ.

ಕಾಲ ಮತ್ತು ಜಾಗ

ಕೆಲಸಕ್ಕೆ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಹೇಳಿ ಮಾಡಿಸಿದಂತಿವೆ, ಅದೂ ಬೆಳಗಿನ ಹೊತ್ತು. ಇದು ಬರಿಯ ಸುಖದ ಮಾತಲ್ಲ. ಅಂಟನ್ನು ಕರಗಿಸಲು ಬಳಸುವ ಸೀಮೆಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡತೊಡಗುತ್ತದೆ. ಮಿನರಲ್ ಟರ್ಪಂಟೈನ್‌ನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ತಂಪು ಪ್ರದೇಶದಲ್ಲಿ ಬರೆದ ಸೂಚನೆಗಳು ಇವೆರಡನ್ನೂ ಸುರಕ್ಷಿತ ದ್ರಾವಕಗಳೆಂದು ಹೇಳುವುದುಂಟು. ಆದರೆ ಮೇ ತಿಂಗಳ ಮಧ್ಯಾಹ್ನ ವಿಜಯಪುರದಲ್ಲಿ ಬಿಸಿಲಿಗೆ ನಿಂತ ಕಾರಿನ ತಗಡು ಕೈ ಇಡಲಾಗದಷ್ಟು ಸುಡುತ್ತಿರುತ್ತದೆ, ಅಂದರೆ ಆ ಮಿತಿಯನ್ನು ಎಂದೋ ದಾಟಿರುತ್ತದೆ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಕಾರನ್ನು ಹಿಂದಿನ ಸಂಜೆಯೇ ನೆರಳಿಗೆ ತಂದು ನಿಲ್ಲಿಸಿ, ಸೂರ್ಯ ಏರುವ ಮೊದಲು ದ್ರಾವಕದ ಕೆಲಸ ಮುಗಿಸಬೇಕು. ಎಂಜಿನ್ ರಾತ್ರಿಯಿಡೀ ಆರಿರಬೇಕು.

ಜಾಗ ಗಾಳಿಯಾಡುವಂತಿರಬೇಕು, ಆದರೆ ಗಾಳಿ ಬೀಸುವಂತಿರಬಾರದು. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಬಾನೆಟ್ ತೆರೆದಿಟ್ಟರೆ ಪುಡಿ ಹಾರುವುದು ಹಾಗಿರಲಿ, ಬಾನೆಟ್ಟೇ ಹಿಂದಕ್ಕೆ ಬಡಿದು ಹಿಂಜ್ ಬಾಗುವ ಅಪಾಯವಿದೆ.

ಬೇಕಾಗುವ ಸಾಮಾನು

ಎಲ್ಲವೂ ಊರಿನ ಹಾರ್ಡ್‌ವೇರ್ ಮತ್ತು ಔಷಧಿ ಅಂಗಡಿಗಳಲ್ಲಿ ಸಿಗುವಂಥವೇ: ಎನ್95 ಮಾಸ್ಕ್, ಕಣ್ಣನ್ನು ಪೂರ್ತಿ ಮುಚ್ಚುವ ಗಾಗಲ್, ನೈಟ್ರೈಲ್ ಕೈಗವಸು, ತುಂಬುತೋಳಿನ ಹಳೆಯ ಅಂಗಿ, ಹಳೆಯ ಹತ್ತಿ ಚಾದರಗಳು, ದಪ್ಪ ಪ್ಲಾಸ್ಟಿಕ್ ಹಾಳೆ, ಬಣ್ಣ ಕೀಳದ ಮಾಸ್ಕಿಂಗ್ ಟೇಪ್, ಅಗಲವಾದ ಪ್ಲಾಸ್ಟಿಕ್ ಸ್ಕ್ರೇಪರ್ ಎರಡು, ನೀರು ಸಿಂಪಡಿಸುವ ಬಾಟಲಿ, ಬ್ಯಾಟರಿ ಕಳಚಲು ಸ್ಪ್ಯಾನರ್, ಮಿನರಲ್ ಟರ್ಪಂಟೈನ್ ಅರ್ಧ ಲೀಟರ್, ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ. ವ್ಯಾಕ್ಯೂಮ್ ಕ್ಲೀನರ್ ಇರಲೇಬೇಕು. ಸೂಕ್ಷ್ಮ ಧೂಳು ಹಿಡಿಯುವ ಹೆಪಾ ಫಿಲ್ಟರ್ ಇದ್ದದ್ದಾದರೆ ಉತ್ತಮ. ಕ್ಲಿಪ್ ಇರುವ ಕಾರಿಗೆ ಟ್ರಿಮ್ ಕೀಳುವ ಪ್ಲಾಸ್ಟಿಕ್ ಉಪಕರಣ ಬೇಕು, ಹೊಸ ಕ್ಲಿಪ್‌ಗಳನ್ನು ಕೆಲಸಕ್ಕೆ ಮುಂಚೆಯೇ ತರಿಸಿಟ್ಟುಕೊಂಡಿರಬೇಕು.

ಕಬ್ಬಿಣದ ಸ್ಕ್ರೇಪರ್, ತಂತಿ ಬ್ರಷ್, ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಚಕ್ರ, ಎನ್‌ಸಿ ಥಿನ್ನರ್ (ಬಣ್ಣವನ್ನು ತೆಳುವಾಗಿಸುವ ತೀಕ್ಷ್ಣ ದ್ರಾವಕ) ಮತ್ತು ಪೆಟ್ರೋಲ್ ಇವನ್ನು ಕೆಲಸದ ಜಾಗಕ್ಕೆ ತರಲೇಬಾರದು. ಪೆಟ್ರೋಲ್ ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲೂ ಹೊತ್ತಿಕೊಳ್ಳುವ ಆವಿ ಬಿಡುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರಿನ ಒಂದು ಕಿಡಿ ಅದಕ್ಕೆ ಸಾಕು. ಥಿನ್ನರ್ ಕಾರ್ಖಾನೆಯ ಮೂಲ ಬಣ್ಣವನ್ನೇ ಮಸುಕಾಗಿಸಬಲ್ಲದು, ಮರುಬಣ್ಣ ಹೊಡೆದ ಬಾನೆಟ್ಟಾದರೆ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸಿಬಿಡುತ್ತದೆ.

ಮೊದಲ ಹೆಜ್ಜೆ: ಬ್ಯಾಟರಿ ಮತ್ತು ಬಾನೆಟ್

ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಅದರ ತುದಿಗೆ ಬಟ್ಟೆ ಸುತ್ತಿ ಬದಿಗಿಡಬೇಕು. ಕಾರಿನ ರೇಡಿಯೊಗೆ ಸಂಕೇತ ಸಂಖ್ಯೆ ಬೇಕಾಗುವಂತಿದ್ದರೆ ಅದು ಕೈಯಲ್ಲಿದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು.

ಹೊಸ ಕಾಲದ ಕಾರುಗಳ ಮಾಲೀಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪಾದಚಾರಿಗೆ ಡಿಕ್ಕಿಯಾದಾಗ ಬಾನೆಟ್‌ನ ಹಿಂಭಾಗವನ್ನು ತಟ್ಟನೆ ಮೇಲಕ್ಕೆತ್ತುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. 2006ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಅದಕ್ಕೊಂದು ಉದಾಹರಣೆ. ಅದನ್ನು ಎತ್ತುವುದು ಏರ್‌ಬ್ಯಾಗ್‌ನಂತೆಯೇ ಸಿಡಿಯುವ ಮದ್ದು. ಹಿಂಜ್‌ನ ಬಳಿಯ ಆ ಕೊಳವೆಗಳನ್ನೂ ಅವುಗಳ ವೈರುಗಳನ್ನೂ ಮುಟ್ಟಬಾರದು, ಬ್ಯಾಟರಿ ಕಳಚಿದ ಮೇಲೂ ಮಾಲೀಕರ ಕೈಪಿಡಿ ಹೇಳುವಷ್ಟು ಹೊತ್ತು ಕಾಯಬೇಕು.

ಡಬ್ಲ್ಯು 124, ಡಬ್ಲ್ಯು 126ರಂಥ ಮರ್ಸಿಡಿಸ್ ಕಾರುಗಳಲ್ಲಿ ಬಾನೆಟ್ಟನ್ನು ನೆಟ್ಟಗೆ ಆಕಾಶಕ್ಕೆ ನಿಲ್ಲಿಸುವ ಸೌಕರ್ಯವಿದೆ. ಹಿಂಜ್‌ನ ಬಳಿಯಿರುವ ತಡೆಯನ್ನು ಬಿಡಿಸಿದರೆ ಅದು ಸಾಮಾನ್ಯ ಎತ್ತರವನ್ನು ದಾಟಿ ಲಂಬವಾಗಿ ನಿಲ್ಲುತ್ತದೆ. ಹಾಗೆ ನಿಲ್ಲಿಸುವ ಮೊದಲು ಶೆಡ್ಡಿನ ಸೂರಿನ ಎತ್ತರ ನೋಡಿಕೊಳ್ಳಬೇಕು. ಇಬ್ಬರು ಸೇರಿ ಎತ್ತುವುದು ಒಳ್ಳೆಯದು, ಏಕೆಂದರೆ ಈ ಕಾರುಗಳ ಮುಂಭಾಗದ ಗ್ರಿಲ್ ಕೂಡ ಬಾನೆಟ್ಟಿನೊಂದಿಗೇ ಏಳುತ್ತದೆ. ಉಳಿದ ಕಾರುಗಳಲ್ಲಿ ಬಾನೆಟ್ಟನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳನ್ನು ನಂಬದೆ, ತುದಿಗೆ ಬಟ್ಟೆ ಸುತ್ತಿದ ಗಟ್ಟಿ ಕಟ್ಟಿಗೆಯ ಊರುಗೋಲು ಕೊಡಬೇಕು. ಬಾನೆಟ್ಟನ್ನೇ ಕಳಚಿ ಹೊರಸಿನ ಮೇಲೆ ಮಲಗಿಸಿ ಕೆಲಸ ಮಾಡುವವರೂ ಇದ್ದಾರೆ. ಪುಡಿಯ ದೃಷ್ಟಿಯಿಂದ ಅದು ಅತ್ಯುತ್ತಮ ಉಪಾಯ. ಆದರೆ ಮರಳಿ ಕೂಡಿಸುವಾಗ ಎರಡೂ ಬದಿಯ ಸಂದು ಸರಿಹೊಂದಿಸುವ ಅಭ್ಯಾಸವಿಲ್ಲದವರು ಆ ದಾರಿ ಹಿಡಿಯದಿರುವುದು ವಾಸಿ.

ಎರಡನೆಯ ಹೆಜ್ಜೆ: ಮುಚ್ಚುವುದು

ಈ ಹೆಜ್ಜೆಗೆ ಒಂದು ಗಂಟೆ ಹಿಡಿದರೂ ಅದು ವ್ಯರ್ಥವಲ್ಲ. ಮೊದಲು ಈಗಾಗಲೇ ಉದುರಿರುವ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಬೇಕು, ಇಲ್ಲವಾದರೆ ಮೇಲೆ ಚಾದರ ಹಾಸುವಾಗ ಅದನ್ನೇ ಒತ್ತಿ ಸಂದುಗಳಿಗೆ ತುರುಕಿದಂತಾಗುತ್ತದೆ. ಆಮೇಲೆ ಏರ್ ಫಿಲ್ಟರ್ ಡಬ್ಬಿಯ ಮೂತಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಟೇಪ್ ಸುತ್ತಬೇಕು. ಫಿಲ್ಟರ್ ದೊಡ್ಡ ಚೂರುಗಳನ್ನು ತಡೆಯುತ್ತದೆ ನಿಜ, ಆದರೆ ತೇವ ಹಿಡಿದ ಫೋಮ್ ಪುಡಿ ಅದರ ಮಡಿಕೆಗಳಲ್ಲಿ ಅಂಟಿಕೊಂಡು ಗಾಳಿಯ ಹರಿವನ್ನು ಕುಗ್ಗಿಸುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಗಾಳಿಯ ಕಿಂಡಿಗಳಿರುವುದರಿಂದ ಅದಕ್ಕೂ ಪ್ರತ್ಯೇಕವಾದ ಮುಚ್ಚಳ ಬೇಕು. ಬೆಲ್ಟ್ ಮತ್ತು ಅದರ ಪುಲ್ಲಿಗಳನ್ನು ಬಟ್ಟೆಯಿಂದ ಮುಚ್ಚಬೇಕು, ಆ ಬಟ್ಟೆಯ ಒಂದು ತುದಿಯನ್ನು ಕಣ್ಣಿಗೆ ಕಾಣುವಂತೆ ಹೊರಗೆ ಇಳಿಬಿಟ್ಟಿರಬೇಕು. ತೆಗೆಯಲು ಮರೆತು ಎಂಜಿನ್ ಚಾಲೂ ಮಾಡಿದರೆ ಬಟ್ಟೆಯನ್ನು ಬೆಲ್ಟ್ ಎಳೆದುಕೊಂಡುಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂಗಾಜಿನ ಬುಡದಲ್ಲಿರುವ ಕೌಲ್ ಭಾಗ. ಕ್ಯಾಬಿನ್‌ಗೆ ಹೊರಗಿನ ಗಾಳಿ ಹೋಗುವ ಜಾಲರಿ ಅಲ್ಲಿದೆ, ಮಳೆನೀರು ಇಳಿದುಹೋಗುವ ತೂತುಗಳೂ ಅಲ್ಲಿವೆ. ಬಾನೆಟ್ಟನ್ನು ಲಂಬವಾಗಿ ನಿಲ್ಲಿಸಿದಾಗ ಪುಡಿಯೆಲ್ಲ ನೆಟ್ಟಗೆ ಬೀಳುವುದು ಎಂಜಿನ್ ಮೇಲಲ್ಲ, ಈ ಜಾಗಕ್ಕೆ. ಜಾಲರಿಯ ಮೂಲಕ ಇಳಿದ ಪುಡಿ ಬ್ಲೋವರ್ ಸೇರುತ್ತದೆ, ತೂತಿಗೆ ಇಳಿದದ್ದು ನೀರಿನ ದಾರಿ ಕಟ್ಟುತ್ತದೆ. ಬೆಳಗಾವಿಯ ಮಳೆಯಲ್ಲಿ ಅಲ್ಲಿ ನಿಂತ ನೀರು ಕಾರಿನ ಒಳಗಿನ ನೆಲಹಾಸಿನೊಳಕ್ಕೆ ಇಳಿದು, ಹಾಸಿನ ಕೆಳಗಿನ ತಗಡಿಗೆ ತುಕ್ಕು ಹಿಡಿಸುವವರೆಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ಆದ್ದರಿಂದ ಜಾಲರಿಯ ಮೇಲೆ ಮೊದಲು ಟೇಪ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಮಡಿಸಿದ ಚಾದರ, ಹೀಗೆ ಮೂರು ಪದರ ಹಾಕಬೇಕು. ಪ್ಲಾಸ್ಟಿಕ್ಕಿನ ಅಂಚು ಬಾನೆಟ್‌ನ ಕೆಳಗಂಚಿಗೂ ಅಂಟಿದ್ದರೆ ಪುಡಿ ಜೋಳಿಗೆಯಲ್ಲಿ ಬಿದ್ದಂತೆ ಒಂದೆಡೆ ಸೇರುತ್ತದೆ. ಉಳಿದ ಎಂಜಿನ್, ಎರಡೂ ಫೆಂಡರ್‌ಗಳು ಮತ್ತು ಮುಂಗಾಜನ್ನು ದೊಡ್ಡ ಚಾದರಗಳಿಂದ ಮುಚ್ಚಬೇಕು.

ಚಾದರ ಹಾಸುವಾಗ ವೈರುಗಳನ್ನು ಒತ್ತಬಾರದು, ಎಳೆಯಬಾರದು. 1990ರ ದಶಕದ ಮೊದಲ ಭಾಗದ ಕೆಲವು ಮರ್ಸಿಡಿಸ್ ಎಂಜಿನ್‌ಗಳ ವೈರಿಂಗ್ ಮೇಲಿನ ಹೊದಿಕೆ ಕಾವಿಗೆ ಒಣಗಿ, ಬಾಗಿಸಿದರೆ ಉದುರುತ್ತದೆಂಬುದು ಆ ಕಾರುಗಳನ್ನು ಬಲ್ಲವರಿಗೆಲ್ಲ ತಿಳಿದ ವಿಷಯ. ಅಂಥ ಎಂಜಿನ್ ನಿಮ್ಮದಾಗಿದ್ದರೆ ಚಾದರವನ್ನು ಮೆಲ್ಲನೆ ಹಾಸಿ, ಅದರ ಮೇಲೆ ಕೈಯೂರುವುದನ್ನೂ ಉಪಕರಣ ಇಡುವುದನ್ನೂ ಬಿಡಬೇಕು.

ಇಲಿಗೂಡು ಇದ್ದರೆ

ಕಬ್ಬು ಕಡಿಯುವ ಹಂಗಾಮು ಆರಂಭವಾದ ಮೇಲೆ ಹೊಲದ ಇಲಿಗಳು ಆಸರೆ ಹುಡುಕಿಕೊಂಡು ಮನೆ, ಶೆಡ್ಡುಗಳತ್ತ ಬರುತ್ತವೆ. ಬೆಚ್ಚಗಿನ ಬಾನೆಟ್ ಪ್ಯಾಡ್ ಅವಕ್ಕೆ ಒಳ್ಳೆಯ ಆಸರೆ. ಪ್ಯಾಡಿನಲ್ಲಿ ಕೊರೆದ ಗುಳಿ, ಹಿಕ್ಕೆ ಅಥವಾ ಮೂತ್ರದ ವಾಸನೆ ಕಂಡರೆ ಒಣಗಿದ್ದಂತೆಯೇ ಕೆರೆಯಲು ಹೋಗಬಾರದು, ಏಕೆಂದರೆ ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಆ ಭಾಗಕ್ಕೆ ಮಾತ್ರ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿದ ಕೈಯಿಂದ ಎತ್ತಿ ಚೀಲಕ್ಕೆ ಹಾಕಬೇಕು. ಬ್ಲೀಚ್ ತಗಡಿಗೆ, ಅದರಲ್ಲೂ ಅಲ್ಯುಮಿನಿಯಂಗೆ ಒಳ್ಳೆಯದಲ್ಲವಾದ್ದರಿಂದ ಕೂಡಲೇ ನೀರಿನ ಬಟ್ಟೆಯಿಂದ ಒರೆಸಬೇಕು.

ಮೂರನೆಯ ಹೆಜ್ಜೆ: ಪ್ಯಾಡ್ ಇಳಿಸುವುದು

ಕ್ಲಿಪ್ ಇರುವ ಪ್ಯಾಡಿನ ಮಾತನ್ನು ಬೇಗ ಮುಗಿಸಬಹುದು. ನಡುವೆ ಸಣ್ಣ ಮೊಳೆಯಂಥ ಭಾಗವಿರುವ ಕ್ಲಿಪ್‌ನಲ್ಲಿ ಅದನ್ನು ಮೊದಲು ಎತ್ತಬೇಕು, ತಿರುಗಿಸುವ ಬಗೆಯದನ್ನು ಕಾಲು ಸುತ್ತು ತಿರುಗಿಸಬೇಕು, ಎರಡೂ ಅಲ್ಲವಾದರೆ ಟ್ರಿಮ್ ಉಪಕರಣವನ್ನು ಪ್ಯಾಡಿಗೂ ಕ್ಲಿಪ್‌ನ ತಲೆಗೂ ನಡುವೆ ತೂರಿಸಿ ನೇರವಾಗಿ ಎಳೆಯಬೇಕು. ಅಂಚಿನ ಕ್ಲಿಪ್‌ಗಳನ್ನು ಮೊದಲು, ನಡುವಿನವನ್ನು ಕೊನೆಗೆ ತೆಗೆದರೆ ಪ್ಯಾಡ್ ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ. ಮುರಿದ ತುಂಡು ತೂತಿನೊಳಗೆ ಬಿದ್ದರೆ ಬಾನೆಟ್ ಒಳಗೆ ಸದ್ದು ಮಾಡುತ್ತದೆ. ಆದ್ದರಿಂದ ಮುರಿದದ್ದನ್ನು ಇಕ್ಕಳದಿಂದ ಹಿಡಿದೇ ಎಳೆಯಬೇಕು. ಇಳಿಸಿದ ಪ್ಯಾಡನ್ನು ಮಡಿಸದೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೊರಗೊಯ್ಯಬೇಕು. ಹೊಸದು ಬರುವವರೆಗೆ ಅದನ್ನು ಎಸೆಯಬಾರದು: ತೂತುಗಳ ಅಳತೆಗೆ ಅದೇ ಆಧಾರ.

ಅಂಟಿಸಿದ ಫೋಮ್‌ನ ವಿಷಯ ಬೇರೆ. ಮೇಲ್ಮೈಗೆ ನೀರಿನ ತುಂತುರು ಹಗುರವಾಗಿ ಸಿಂಪಡಿಸಬೇಕು. ನೀರು ಒಸರುವಷ್ಟು ತೋಯಿಸಿದರೆ ಫೋಮ್ ರಾಡಿಯಾಗಿ ಎಲ್ಲಕ್ಕೂ ಅಂಟುತ್ತದೆ. ಬಳಿಕ ಮೇಲಿನ ಅಂಚಿನಿಂದ ಶುರು ಮಾಡಿ ಅಂಗೈಯಗಲದ ಪಟ್ಟಿಯಂತೆ ಕೆಳಮುಖವಾಗಿ ಬರಬೇಕು. ಒಬ್ಬರು ಸ್ಕ್ರೇಪರನ್ನು ತಗಡಿಗೆ ಆದಷ್ಟು ಒರಗಿಸಿ ಹಿಡಿದು ಫೋಮ್‌ನ ಹಿಂದೆ ನಿಧಾನವಾಗಿ ದೂಡುತ್ತ ಹೋದರೆ, ಇನ್ನೊಬ್ಬರು ವ್ಯಾಕ್ಯೂಮ್ ಮೂತಿಯನ್ನು ಸ್ಕ್ರೇಪರ್‌ನ ಬಾಯಿಗೆ ಹತ್ತಿದಂತೆ ಹಿಡಿದಿರಬೇಕು. ಇಬ್ಬರ ಕೈ ಹೊಂದಿಕೊಂಡ ಮೇಲೆ ಚಾದರದ ಮೇಲೆ ಬೀಳುವ ಪುಡಿ ಬಹಳ ಕಡಿಮೆಯಾಗುತ್ತದೆ. ದೊಡ್ಡ ಹಾಳೆಯಾಗಿ ಬಿಡಿಸಿಕೊಳ್ಳುವ ಭಾಗವನ್ನು ಎಳೆಯುವ ಆಸೆ ಬರುತ್ತದೆ. ಎಳೆದರೆ ಅದು ನಡುವೆ ಹರಿದು ಹಿಡಿ ತುಂಬ ಪುಡಿ ಒಮ್ಮೆಲೇ ಹಾರುತ್ತದೆ.

ಇಲ್ಲಿ ಬಲದ ಬಗ್ಗೆ ಎಚ್ಚರ ಬೇಕು. ಬಾನೆಟ್‌ನ ಹೊರ ತಗಡು ಒಂದು ಮಿಲಿಮೀಟರಿಗಿಂತ ತೆಳು. ಒಳಗಿನಿಂದ ಸ್ಕ್ರೇಪರ್‌ನ ಮೂಲೆ ಚುಚ್ಚಿದರೆ ಹೊರಗೆ ಸಣ್ಣ ಗುಬುಟು ಏಳುತ್ತದೆ, ಕಪ್ಪು ಬಣ್ಣದ ಕಾರಿನಲ್ಲಿ ಅದು ಸಂಜೆಯ ಬೆಳಕಿಗೆ ಎದ್ದು ಕಾಣುತ್ತದೆ. ಸ್ಕ್ರೇಪರ್‌ನ ಎರಡೂ ಮೂಲೆಗಳನ್ನು ಮೊದಲೇ ಮರಳು ಕಾಗದದಿಂದ ದುಂಡಗೆ ಮಾಡಿಕೊಂಡರೆ ಈ ಭಯ ಅರ್ಧ ಕಡಿಮೆಯಾಗುತ್ತದೆ. ಹಾಗೆಯೇ, ಒಳಗಿನ ಬಲಪಟ್ಟಿಗಳಿಗೂ ಹೊರ ತಗಡಿಗೂ ನಡುವೆ ಅಲ್ಲಲ್ಲಿ ಗಟ್ಟಿ ರಬ್ಬರಿನಂಥ ಮುದ್ದೆಗಳು ಕಾಣುತ್ತವೆ. ಅವು ಹಳೆಯ ಅಂಟಲ್ಲ. ವೇಗದಲ್ಲಿ ತಗಡು ಅದುರದಂತೆ ಕಾರ್ಖಾನೆಯಲ್ಲೇ ಹಾಕಿದ ಮುದ್ದೆಗಳು. ಎಲ್ಲವನ್ನೂ ಸ್ವಚ್ಛ ಮಾಡುವ ಹುರುಪಿನಲ್ಲಿ ಅವನ್ನು ಕೆತ್ತಿ ತೆಗೆದರೆ ಹೆದ್ದಾರಿಯ ವೇಗದಲ್ಲಿ ಬಾನೆಟ್ ನಡುಗತೊಡಗುತ್ತದೆ. ಗಾಜು ತೊಳೆಯುವ ನೀರಿನ ಕೊಳವೆ ಮತ್ತು ನಳಿಕೆಯ ವೈರುಗಳೂ ಪ್ಯಾಡಿನ ಅಂಚಿನಲ್ಲೇ ಹಾಯ್ದಿರುತ್ತವೆ, ಹಳೆಯ ಕೊಳವೆ ಮುಟ್ಟಿದರೆ ಒಡೆಯುವಷ್ಟು ಗಡುಸಾಗಿರುತ್ತದೆ.

ಹೀಟ್ ಗನ್ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ನನ್ನ ಸಲಹೆ ಬೇಡವೆಂದೇ. ಅತಿಯಾಗಿ ಕಾದ ಪಾಲಿಯುರೆಥೇನ್ ವಿಷಾನಿಲ ಬಿಡುತ್ತದೆ, ಉರಿದರೆ ಅದರ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಮೇಲಾಗಿ ಅದೇ ತಗಡಿನ ಇನ್ನೊಂದು ಮಗ್ಗುಲಿನಲ್ಲಿ ನೀವು ಉಳಿಸಿಕೊಳ್ಳಬೇಕಾದ ಬಣ್ಣವಿದೆ.

ನಾಲ್ಕನೆಯ ಹೆಜ್ಜೆ: ಅಂಟು ಬಿಡಿಸುವುದು

ಫೋಮ್ ಹೋದ ಮೇಲೆ ತಗಡಿನ ಮೇಲೆ ಕಂದು ಬಣ್ಣದ ಅಂಟಿನ ಗೀರುಗಳು ಉಳಿಯುತ್ತವೆ. ದ್ರಾವಕದ ಕೆಲಸ ಆರಂಭವಾದ ಕ್ಷಣದಿಂದ ವ್ಯಾಕ್ಯೂಮ್ ಕ್ಲೀನರನ್ನು ಪ್ಲಗ್ ಸಮೇತ ದೂರವಿಡಬೇಕು, ಬೀಡಿ-ಸಿಗರೇಟು ಸುಳಿಯಬಾರದು, ಒಣ ಮರಳಿನ ಬಕೆಟ್ಟೂ ಸಾಧ್ಯವಾದರೆ ಅಗ್ನಿಶಾಮಕವೂ ಕೈಗೆಟುಕುವಂತಿರಬೇಕು. ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಟರ್ಪಂಟೈನ್ ಹಚ್ಚಿ ಐದು ನಿಮಿಷ ಬಿಟ್ಟು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಆ ದ್ರಾವಕ ಬೇಡ, ಸಾಬೂನು ನೀರು ಮತ್ತು ಸಹನೆಯಿಂದಲೇ ಮುಂದುವರಿಯಬೇಕು.

ಬಣ್ಣ ಗಟ್ಟಿಯಾಗಿದ್ದರೆ ಬಟ್ಟೆಯನ್ನು ಟರ್ಪಂಟೈನ್‌ನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಒಂದಡಿ ಚೌಕದಷ್ಟು ಜಾಗಕ್ಕೆ ಒತ್ತಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಹತ್ತು-ಹದಿನೈದು ನಿಮಿಷ ಬಿಡಬೇಕು. ಪ್ಲಾಸ್ಟಿಕ್ ಆವಿಯನ್ನು ತಡೆಯುವುದರಿಂದ ಕಡಿಮೆ ದ್ರಾವಕದಲ್ಲಿ ಅಂಟು ಚೆನ್ನಾಗಿ ಮೆತ್ತಗಾಗುತ್ತದೆ, ಆಮೇಲೆ ಸ್ಕ್ರೇಪರ್‌ಗೆ ಸಿಪ್ಪೆಯಂತೆ ಬರುತ್ತದೆ. ಹಿಂಡಬೇಕೆಂದು ಹೇಳಲು ಕಾರಣವಿದೆ: ಕೂಲಂಟ್ ಕೊಳವೆಗಳನ್ನೂ ಬಾನೆಟ್ ಅಂಚಿನ ಸೀಲುಗಳನ್ನೂ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನಿಂದ ಮಾಡಿರುತ್ತಾರೆ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗಿ ಕೆಡುತ್ತದೆ. ಹನಿ ಬಿದ್ದದ್ದು ಕಂಡರೆ ಕೂಡಲೇ ಒರೆಸಿ ಸಾಬೂನು ನೀರಿನಿಂದ ತೊಳೆಯಬೇಕು.

ಹೀಗೆ ಒಂದೊಂದೇ ಚೌಕ ಮುಗಿಸುತ್ತ ಹೋಗಬೇಕು. ಹೊಸ ಪ್ಯಾಡೂ ಅಂಟಿಸುವ ಬಗೆಯದೇ ಆಗಿದ್ದರೆ ತಗಡು ನುಣುಪಾಗುವವರೆಗೆ ಬಿಡಬಾರದು; ಹಳೆಯ ಅಂಟಿನ ಮೇಲೆ ಹೊಸ ಅಂಟು ನಿಲ್ಲುವುದಿಲ್ಲ. ಕ್ಲಿಪ್‌ನ ಪ್ಯಾಡಾದರೆ ಗಟ್ಟಿಯಾಗಿ ಹಿಡಿದಿರುವ ತೆಳು ಕಲೆಗಳನ್ನು ಬಿಟ್ಟರೂ ನಡೆಯುತ್ತದೆ. ಕೊನೆಗೆ ಸಾಬೂನು ನೀರು, ಬರಿ ನೀರು, ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಒರಸು. ಆಲ್ಕೊಹಾಲ್ ಟರ್ಪಂಟೈನ್‌ಗಿಂತ ಬೇಗ ಹೊತ್ತಿಕೊಳ್ಳುವುದರಿಂದ ಬಾಟಲಿಯ ಮುಚ್ಚಳವನ್ನು ಪ್ರತಿ ಸಲವೂ ಹಾಕಬೇಕು.

ತಗಡು ಬರಿದಾದಾಗ ನೋಡಬೇಕಾದದ್ದು

ಪ್ಯಾಡ್ ಇಲ್ಲದ ಬಾನೆಟ್‌ನ ಒಳಮೈ ಕಾಣುವುದು ದಶಕಕ್ಕೊಮ್ಮೆ. ಆ ಅವಕಾಶವನ್ನು ಬಿಡಬಾರದು. ತಗಡನ್ನು ಮಡಿಸಿ ಒತ್ತಿದ (ಹೆಮ್ಮಿಂಗ್ ಮಾಡಿದ) ಅಂಚುಗಳಲ್ಲಿ ತುಕ್ಕಿನ ಗುಳ್ಳೆಗಳಿವೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಆಯಸ್ಕಾಂತ ಹತ್ತದಿದ್ದರೆ ಬಾನೆಟ್ ಅಲ್ಯುಮಿನಿಯಂನದು ಎಂದರ್ಥ. 2003ರ ಜಾಗ್ವಾರ್ ಎಕ್ಸ್‌ಜೆ ಕಾರಿನ ಇಡೀ ಮೈಯೇ ಅಲ್ಯುಮಿನಿಯಂ. ಅಲ್ಲಿ ತುಕ್ಕಿನ ಬದಲು ಬಣ್ಣದ ಕೆಳಗೆ ಬಿಳಿ ಪುಡಿ ಏಳುತ್ತದೆ. ಉಕ್ಕಿನ ತಂತಿ ಬ್ರಷ್ ಬೇಡವೆಂದು ಮೊದಲೇ ಹೇಳಿದ್ದು ಇದಕ್ಕಾಗಿಯೂ ಹೌದು, ಬ್ರಷ್‌ನಿಂದ ಉಳಿದ ಉಕ್ಕಿನ ಕಣಗಳು ಅಲ್ಯುಮಿನಿಯಂಗೆ ತಾಗಿ ಅದನ್ನು ಇನ್ನಷ್ಟು ತಿನ್ನುತ್ತವೆ. ಗೀಚಿದ ಜಾಗಕ್ಕೆ ಪ್ರೈಮರ್ ಮತ್ತು ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಟ್ಟ ಮೇಲೆಯೇ ಹೊಸ ಪ್ಯಾಡಿನ ಮಾತು.

ಹೊಸ ಪ್ಯಾಡ್

ಪ್ಯಾಡ್ ಇಲ್ಲದೆ ಎಷ್ಟು ದಿನ ಓಡಿಸಬಹುದು ಎಂಬುದಕ್ಕೆ ಎಂಜಿನ್ ನೋಡಿ ಉತ್ತರಿಸಬೇಕು. ಟರ್ಬೊ ಇಲ್ಲದ ಹಳೆಯ ಎಂಜಿನ್ ಆದರೆ ಹೊಸದು ಬರುವವರೆಗೆ ನಿಧಾನವಾಗಿ ಓಡಿಸಲು ಅಡ್ಡಿಯಿಲ್ಲ. ಸದ್ದು ಹೆಚ್ಚುತ್ತದೆ, ಬಾನೆಟ್ ಹೆಚ್ಚು ಬಿಸಿಯಾಗುತ್ತದೆ, ಅಷ್ಟೇ. ಆದರೆ ಬಿಎಂಡಬ್ಲ್ಯು 2008ರಲ್ಲಿ ತಂದ ಎನ್63 ಮತ್ತು ಮರ್ಸಿಡಿಸ್ ಎಎಂಜಿಯ 4 ಲೀಟರ್ ವಿ8 ಎಂಜಿನ್‌ಗಳಲ್ಲಿ ಟರ್ಬೊಗಳು ಎರಡು ಸಿಲಿಂಡರ್ ಸಾಲುಗಳ ನಡುವೆ, ಬಾನೆಟ್‌ನ ನೇರ ಕೆಳಗೆ ಕೂತಿರುತ್ತವೆ. ಅಂಥ ಕಾರನ್ನು ಪ್ಯಾಡ್ ಇಲ್ಲದೆ ಒಂದು ದಿನವೂ ಓಡಿಸುವುದು ಬೇಡ.

ಕಾರಿನ 17 ಅಕ್ಷರಗಳ ಚಾಸಿಸ್ ಸಂಖ್ಯೆ ಕೊಟ್ಟು ಮೂಲ ಪ್ಯಾಡ್ ತರಿಸುವುದೇ ಮೊದಲ ಆಯ್ಕೆಯಾಗಬೇಕು. ಆಡಿಯೊ ಅಂಗಡಿಗಳಲ್ಲಿ ಬಾಗಿಲಿಗೆ ಅಂಟಿಸುವ ಡ್ಯಾಂಪಿಂಗ್ ಹಾಳೆಗಳನ್ನು ಬಾನೆಟ್ಟಿಗೂ ಸೂಚಿಸುತ್ತಾರೆ. ಡಾಂಬರು ಮೂಲದವು ನಮ್ಮ ಬಿಸಿಲಿಗೆ ಕರಗಿ ತೊಟ್ಟಿಕ್ಕುತ್ತವೆ, ಅವುಗಳ ಭಾರಕ್ಕೆ ಗ್ಯಾಸ್ ಸ್ಟ್ರಟ್‌ಗಳು ಸೋಲುತ್ತವೆ. ಹೊಳೆಯುವ ಫಾಯಿಲ್ ಹೊದಿಕೆಯದನ್ನು ಹಾಕುವುದಾದರೆ ಅಂಚುಗಳನ್ನು ಕಾವು ತಡೆಯುವ ಟೇಪಿನಿಂದ ಮುಚ್ಚಬೇಕು ಮತ್ತು ಯಾವ ತುದಿಯೂ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಮೇಲೆ ಜೋತುಬೀಳದಂತೆ ನೋಡಬೇಕು. ಅಂಟಿಸುವ ಪ್ಯಾಡಿಗೆ ಹೆಚ್ಚಿನ ಕಾವು ತಡೆಯುವುದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುವ ಕಾಂಟ್ಯಾಕ್ಟ್ ಅಂಟನ್ನೇ ಕೊಳ್ಳಬೇಕು. ಚಪ್ಪಲಿಗೂ ಸೋಫಾಕ್ಕೂ ಬಳಸುವ ಸಾಮಾನ್ಯ ಅಂಟು ಮೊದಲ ಬೇಸಿಗೆಗೇ ಬಿಡುತ್ತದೆ. ಅಂಟಿಲ್ಲದೆ ಒಮ್ಮೆ ಹಿಡಿದು ನೋಡಿ, ಬಾನೆಟ್‌ನ ನಡುಗೆರೆಗೂ ಪ್ಯಾಡಿನ ನಡುವಿಗೂ ಗುರುತು ಹಾಕಿ, ಎರಡೂ ಮೈಗೆ ಅಂಟು ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತ ಬರಬೇಕು. ಈ ಬಗೆಯ ಅಂಟಿಗೆ ಎರಡನೆಯ ಅವಕಾಶವಿರುವುದಿಲ್ಲ. ಮಳೆಗಾಲದ ತೇವದಲ್ಲಿ ಅದು ಸರಿಯಾಗಿ ಒಣಗುವುದೂ ಇಲ್ಲ.

ಮುಚ್ಚಿದ್ದನ್ನು ತೆರೆಯುವುದು

ಚಾದರಗಳನ್ನು ಅಂಚಿನಿಂದ ಒಳಕ್ಕೆ ಮಡಿಸುತ್ತ, ಪುಡಿ ಒಳಗೇ ಉಳಿಯುವಂತೆ ಎತ್ತಬೇಕು. ಕೌಲ್‌ನ ಮೂರು ಪದರಗಳನ್ನು ಕೊನೆಗೆ, ದ್ರಾವಕದ ವಾಸನೆ ಪೂರ್ತಿ ಹೋದ ಮೇಲೆ, ವ್ಯಾಕ್ಯೂಮ್ ಹಿಡಿದುಕೊಂಡೇ ತೆಗೆದು, ನೀರಿನ ತೂತುಗಳಿಗೆ ಒಂದು ಲೋಟ ನೀರು ನಿಧಾನವಾಗಿ ಸುರಿದು ಅದು ಕಾರಿನ ಕೆಳಗೆ ಇಳಿಯುತ್ತದೆಯೇ ಎಂದು ನೋಡಬೇಕು. ಏರ್ ಫಿಲ್ಟರ್ ಮೂತಿಯ ಟೇಪ್, ಆಲ್ಟರ್ನೇಟರ್ ಮುಚ್ಚಳ, ಬೆಲ್ಟಿನ ಬಟ್ಟೆ ಈ ಮೂರೂ ಹೊರಬಂದಿವೆಯೆಂದು ಕೈಯಿಂದ ಮುಟ್ಟಿ ಖಚಿತಪಡಿಸಿಕೊಂಡ ಮೇಲೆ ಬ್ಯಾಟರಿ ಜೋಡಿಸಬೇಕು. ದ್ರಾವಕದ ವಾಸನೆ ಪೂರ್ತಿ ಹೋಗುವವರೆಗೆ ಎಂಜಿನ್ ಚಾಲೂ ಮಾಡಬಾರದು.

ಫೋಮ್ ಪುಡಿಯನ್ನು ದಪ್ಪ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ತಿಪ್ಪೆಯಲ್ಲಿ ಸುಡುವುದಂತೂ ಕೂಡದು. ದ್ರಾವಕ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿಡದೆ ನೆರಳಿನಲ್ಲಿ, ಬಯಲಿನಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಿ ಆಮೇಲೆ ಎಸೆಯಬೇಕು. ಉಳಿದ ಟರ್ಪಂಟೈನನ್ನು ಚರಂಡಿಗೆ ಸುರಿಯಬಾರದು.

ಎಂಜಿನ್ ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಬಾನೆಟ್ ತೆರೆದಿಟ್ಟು ಗಮನಿಸಬೇಕು. ಎಂಜಿನ್‌ನಿಂದ ಬಿಸಿ ಹೊಗೆ ಹೊರಡುವ ಕೊಳವೆಯ (ಎಕ್ಸಾಸ್ಟ್ ಮ್ಯಾನಿಫೋಲ್ಡ್) ಬಳಿ ಸುಟ್ಟ ವಾಸನೆ ಬಂದರೆ ಯಾವುದೋ ಚೂರು ಅಲ್ಲಿ ಉಳಿದಿದೆ. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಹುಡುಕಿ ತೆಗೆಯಬೇಕು. ಬ್ಲೋವರನ್ನು ಮೊದಲ ಸಲ ಹಾಕುವಾಗ ಕಿಟಕಿಗಳು ತೆರೆದಿರಲಿ. ನೂರು ಕಿಲೋಮೀಟರ್ ಓಡಿದ ಬಳಿಕ ಏರ್ ಫಿಲ್ಟರ್ ಬಿಚ್ಚಿ ನೋಡಿ, ಮಡಿಕೆಗಳಲ್ಲಿ ಕಪ್ಪು ಪುಡಿ ಕಂಡರೆ ಅದನ್ನು ಬದಲಾಯಿಸಿ, ಅದೇ ಹೊತ್ತಿಗೆ ಪ್ಯಾಡಿನ ಅಂಚುಗಳನ್ನು ಇನ್ನೊಮ್ಮೆ ಒತ್ತಿ ನೋಡಬೇಕು.